ಕತ್ತು ಹಿಡಿದುಕೊಂಡಾಗ ಏನು ಮಾಡಬೇಕು, ಏನು ಬೇಡ

ಕೂತಲ್ಲೇ ಒಂದು ಸಲ ಕತ್ತನ್ನು ಬಲಕ್ಕೆ ತಿರುಗಿಸಿ. ಭುಜ ಅಲ್ಲಾಡಬಾರದು, ಬರೀ ಕತ್ತು. ಗದ್ದ ಹೆಚ್ಚುಕಮ್ಮಿ ಭುಜದ ಹತ್ತಿರಕ್ಕೆ ಬರುತ್ತದೆ ಅಲ್ವಾ? ಈಗ ಎಡಕ್ಕೆ. ಇಬ್ಬರು ಮೂವರು ಮುಖ ಕಿವುಚಿದ್ದು ನನಗೆ ಇಲ್ಲಿಂದಲೇ ಕಾಣಿಸಿತು. ಇವತ್ತಿನ ಮಾತು ಮೊದಲು ನಿಮಗೆ. ಸಲೀಸಾಗಿ ತಿರುಗಿಸಿದವರೂ ಎದ್ದು ಹೋಗಬೇಡಿ, ಯಾಕೆಂದರೆ ಒಂದು ವರ್ಷದ ಲೆಕ್ಕ ಹಿಡಿದರೆ ದೊಡ್ಡವರಲ್ಲಿ ನೂರಕ್ಕೆ 30ರಿಂದ 50 ಮಂದಿಗೆ ಒಂದಲ್ಲ ಒಂದು ಸಲ ಕುತ್ತಿಗೆ ನೋವು ಬರುತ್ತದೆ.

ನಾನು ಫಿಸಿಯೋಥೆರಪಿಸ್ಟ್. ಇವತ್ತು ಹೇಳುವುದು ಹೊಸದಾಗಿ ಶುರುವಾದ ನೋವಿನ ಬಗ್ಗೆ ಮಾತ್ರ. ನಿನ್ನೆ ಬಂದದ್ದು, ಹೋದ ವಾರ ಬಂದದ್ದು, ಜಾಸ್ತಿ ಅಂದರೆ ಆರು ವಾರದೊಳಗಿನದ್ದು. ಮೂರು ತಿಂಗಳು ದಾಟಿದ ನೋವಿನ ಲೆಕ್ಕವೇ ಬೇರೆ, ಅದನ್ನು ಇದರ ಜೊತೆ ಕಲಸಿದರೆ ಎರಡೂ ಅರ್ಥವಾಗುವುದಿಲ್ಲ.

ಇಂಥ ನೋವಿರುವವರು ಬಾಗಿಲಲ್ಲಿ ಕಾಲಿಟ್ಟ ಕೂಡಲೇ ಗೊತ್ತಾಗಿಬಿಡುತ್ತದೆ. ಹೆಸರು ಕರೆದರೆ ಕತ್ತು ತಿರುಗುವುದಿಲ್ಲ, ಇಡೀ ಮೈ ತಿರುಗುತ್ತದೆ. ಒಂದು ಭುಜ ಕಿವಿಯ ಹತ್ತಿರಕ್ಕೆ ಏರಿ ಕೂತಿರುತ್ತದೆ. ಕುರ್ಚಿ ಎಲ್ಲಿದೆ ಅಂತ ಬಗ್ಗಿ ನೋಡಲಾಗದೆ ಕೈಯಲ್ಲಿ ತಡಕಿ ಕೂರುತ್ತಾರೆ. ಮಲಗಿ ಅಂದರೆ, ಒಂದು ಕೈಯಲ್ಲಿ ತಲೆಯನ್ನು ಹಿಡಿದುಕೊಂಡು, ಉಸಿರು ಬಿಗಿಹಿಡಿದು, ಇಂಚಿಂಚಾಗಿ ಒರಗುತ್ತಾರೆ. ಆಮೇಲೆ ಕಥೆ. "ಮೇಡಂ, ರಾತ್ರಿ ಚೆನ್ನಾಗೇ ಮಲಗಿದ್ದೆ, ಬೆಳಗ್ಗೆ ಎದ್ದರೆ ಹಿಡ್ಕೊಂಡಿದೆ." ಭಾರ ಎತ್ತಿಲ್ಲ, ಬಿದ್ದಿಲ್ಲ, ಪೆಟ್ಟಾಗಿಲ್ಲ. ಕೆಲವರಿಗೆ ತಲೆ ಒರೆಸಿಕೊಳ್ಳುವಾಗ ಚಳುಕು ಹೊಡೆದಿರುತ್ತದೆ, ಇನ್ನು ಕೆಲವರಿಗೆ ಒಂದು ಸೀನು ಸಾಕಾಗಿರುತ್ತದೆ. ಇಷ್ಟು ಸಣ್ಣ ಕಾರಣಕ್ಕೆ ಇಷ್ಟು ದೊಡ್ಡ ನೋವು ಹೇಗೆ, ಒಳಗೆ ಏನೋ ಮುರಿದೇ ಹೋಗಿರಬೇಕು ಅನ್ನುವ ಭಯ ಅವರ ಕಣ್ಣಲ್ಲೇ ಇರುತ್ತದೆ.

ಒಳಗೆ ಏನಿದೆ ಅಂತ ಸ್ವಲ್ಪ ನೋಡೋಣ. ಕತ್ತಿನಲ್ಲಿ 7 ಮೂಳೆಗಳು, ಒಂದರ ಮೇಲೊಂದು. ಅವುಗಳ ಮೇಲೆ ಸುಮಾರು 5 ಕಿಲೋ ತೂಕದ ತಲೆ. ಪಕ್ಕಕ್ಕೆ ತಿರುಗುವ ಕೆಲಸದಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಮೇಲಿನ ಎರಡೇ ಮೂಳೆಗಳ ನಡುವೆ ನಡೆಯುತ್ತದೆ, ಮಿಕ್ಕದ್ದನ್ನು ಕೆಳಗಿನವು ಹಂಚಿಕೊಳ್ಳುತ್ತವೆ. ಹಿಂಬದಿಯಲ್ಲಿ ಎಡಕ್ಕೊಂದು ಬಲಕ್ಕೊಂದು ಪುಟ್ಟ ಪುಟ್ಟ ಕೀಲುಗಳು. ಸುತ್ತ ಪದರ ಪದರವಾಗಿ ಸ್ನಾಯುಗಳು. ಬಲಗೈಯನ್ನು ಎಡ ಭುಜದ ಮೇಲೆ ಹಾಕಿ, ಕತ್ತು ಮತ್ತು ಭುಜ ಸೇರುವ ಜಾಗವನ್ನು ಬೆರಳಿನಿಂದ ಒತ್ತಿ ನೋಡಿ. ಹುರಿಗಟ್ಟಿದ ಹಾಗೆ ಸಿಗುತ್ತದೆ, ಒತ್ತಿದರೆ ನೋಯುತ್ತದೆ. ಅದು ಕಾಯಿಲೆ ಅಲ್ಲ, ನೋವೇ ಇಲ್ಲದವರಿಗೂ ಅಲ್ಲಿ ಒತ್ತಿದರೆ ನೋಯುತ್ತದೆ.

ಈ ಸಣ್ಣ ಕೀಲುಗಳಲ್ಲೋ, ಸ್ನಾಯುವಿನಲ್ಲೋ, ಎಲ್ಲೋ ಒಂದು ಕಡೆ ಸ್ವಲ್ಪ ಕಿರಿಕಿರಿ ಆಗುತ್ತದೆ. ಕೂಡಲೇ ಸುತ್ತಲಿನ ಸ್ನಾಯುಗಳೆಲ್ಲ ಬಿಗಿದುಕೊಂಡು ಕತ್ತು ಅಲ್ಲಾಡದ ಹಾಗೆ ಕಾವಲು ನಿಲ್ಲುತ್ತವೆ. ಬೆಕ್ಕು ಹಾರಿದ್ದಕ್ಕೆ ಇಡೀ ಬೀದಿಯನ್ನು ಎಬ್ಬಿಸುವ ನಾಯಿ ಇರುತ್ತದಲ್ಲ, ಹಾಗೆ. ಕಾವಲು ಇದೆ ಅನ್ನುವುದು ನಿಜ, ಕಳ್ಳ ಬಂದಿದ್ದಾನೆ ಅಂತ ಅಲ್ಲ. ಯಾವ ಕೀಲು, ಯಾವ ಸ್ನಾಯು ಅಂತ ಬೆರಳಿಟ್ಟು ತೋರಿಸಲು ನಮಗೂ ಹೆಚ್ಚಿನ ಸಲ ಆಗುವುದಿಲ್ಲ. ತೋರಿಸುತ್ತೇನೆ ಅನ್ನುವವರ ಮಾತನ್ನು ಸ್ವಲ್ಪ ಅನುಮಾನದಿಂದಲೇ ಕೇಳಿ. ಒಳ್ಳೆಯ ಸಂಗತಿ ಅಂದರೆ, ಗೊತ್ತಾಗದಿದ್ದರೂ ನೋವು ವಾಸಿಯಾಗುತ್ತದೆ. ಮೊದಲ ಎರಡು ಮೂರು ದಿನ ಜೋರು, ಆಮೇಲೆ ಇಳಿಮುಖ, ಕೆಲವು ವಾರದಲ್ಲಿ ಬಹುತೇಕ ಜನರಿಗೆ ಸಾಕಷ್ಟು ಹಗುರ.

ಬಹುತೇಕ ಅಂದೆ, ಎಲ್ಲರಿಗೂ ಅನ್ನಲಿಲ್ಲ. ಹಾಗಾಗಿ ಹೆದರಬೇಕಾದದ್ದನ್ನು ಈಗಲೇ ಮುಗಿಸಿಬಿಡೋಣ. ಇವು ಅಪರೂಪ. ಆದರೆ ಇವುಗಳಲ್ಲಿ ಯಾವುದಾದರೂ ಇದ್ದರೆ ನನ್ನ ಹತ್ತಿರ ಬರಬೇಡಿ, ಸೀದಾ ಆಸ್ಪತ್ರೆಗೆ ಹೋಗಿ.

ಬಿದ್ದಮೇಲೆ ಅಥವಾ ವಾಹನ ಅಪಘಾತ ಆದಮೇಲೆ ಶುರುವಾದ ನೋವು, ಅದರಲ್ಲೂ ವಯಸ್ಸು 65 ದಾಟಿದ್ದರೆ, ಕೈಕಾಲು ಜೋಮು ಹಿಡಿದಿದ್ದರೆ, ಕತ್ತನ್ನು ಎರಡೂ ಕಡೆ ಅರ್ಧದಷ್ಟೂ ತಿರುಗಿಸಲು ಆಗದಿದ್ದರೆ. ಜ್ವರ, ತಲೆನೋವು, ಬೆಳಕು ನೋಡಿದರೆ ಕಣ್ಣಿಗೆ ಹಿಂಸೆ, ಗದ್ದವನ್ನು ಎದೆಗೆ ತಾಗಿಸಲಾಗದಷ್ಟು ಬಿಗಿ, ಮಂಪರು, ಇವೆಲ್ಲ ಒಟ್ಟಿಗೆ ಬಂದರೆ ಅದು ಮಿದುಳಿನ ಪೊರೆಯ ಸೋಂಕು ಇರಬಹುದು, ಬೆಳಗಾಗಲಿ ಅಂತ ಕಾಯುವ ಹಾಗಿಲ್ಲ. ಹಿಂದೆಂದೂ ಇಲ್ಲದ ರೀತಿ, ಸೀಳಿದ ಹಾಗೆ ಒಮ್ಮೆಗೇ ಬಂದ ನೋವು, ಜೊತೆಗೆ ತಲೆಸುತ್ತು, ಒಂದು ಎರಡಾಗಿ ಕಾಣುವುದು, ಮಾತು ತೊದಲುವುದು, ಬಾಯಿ ಒಂದು ಕಡೆ ಸೊಟ್ಟಗಾಗುವುದು ಇದ್ದರೆ ಕತ್ತಿನ ರಕ್ತನಾಳದ ಒಳಪದರ ಹರಿದಿರಬಹುದು. ಕತ್ತು, ದವಡೆ, ತೋಳು ನೋಯುತ್ತಾ ಎದೆ ಬಿಗಿದು, ಬೆವರಿ, ಉಸಿರು ಕಟ್ಟಿದರೆ ಅದನ್ನು ಹೃದಯದ ತೊಂದರೆ ಅಂತಲೇ ತಿಳಿದುಕೊಳ್ಳಿ.

ಇನ್ನೊಂದು ಇದೆ, ಅದು ಸದ್ದಿಲ್ಲದೆ ಬರುತ್ತದೆ, ಜನ ಹೇಳುವುದೇ ಇಲ್ಲ. ಅಂಗಿಯ ಗುಂಡಿ ಹಾಕಲು ಬೆರಳು ಕೇಳುತ್ತಿಲ್ಲ, ಕೈಯಿಂದ ವಸ್ತು ಜಾರಿ ಬೀಳುತ್ತದೆ, ಅಕ್ಷರ ಕೆಟ್ಟಿದೆ, ನಡೆಯುವಾಗ ಕಾಲು ತೊಡರುತ್ತದೆ, ಮೂತ್ರದ ಮೇಲೆ ಹಿಡಿತ ತಪ್ಪುತ್ತಿದೆ. ಇದನ್ನು "ವಯಸ್ಸಾಯ್ತು" ಅಂತ ಬದಿಗೆ ತಳ್ಳುತ್ತಾರೆ. ಕತ್ತಿನೊಳಗೆ ಬೆನ್ನುಹುರಿ ಒತ್ತಿಕೊಂಡರೆ ಹೀಗಾಗುತ್ತದೆ. ನೋವು ಅಷ್ಟೇನೂ ಇಲ್ಲದೆಯೂ ಆಗಬಹುದು. ಹಾಗೆಯೇ ಹಿಂದೆ ಕ್ಯಾನ್ಸರ್ ಬಂದಿದ್ದವರು, ಕಾರಣವಿಲ್ಲದೆ ತೂಕ ಇಳಿಯುತ್ತಿರುವವರು, ಹೇಗೆ ಮಲಗಿದರೂ ರಾತ್ರಿಯಿಡೀ ಕೊರೆಯುವ ನೋವಿರುವವರು ಮನೆಮದ್ದು ಮಾಡುತ್ತಾ ಕೂರಬಾರದು.

ಸರಿ, ಅಷ್ಟೇ. ಇದ್ಯಾವುದೂ ಇಲ್ಲ ಅಂದರೆ ಉಸಿರು ಬಿಡಿ. ಭುಜ ಕೆಳಗೆ ಬಿಡಿ. ನಾನು ಇದನ್ನೆಲ್ಲ ಹೇಳುವಾಗ ಅರ್ಧ ಜನರ ಭುಜ ಮೇಲೇರಿತ್ತು, ಗಮನಿಸಿದಿರಾ?

ಈಗ ಕೈಗೆ ಇಳಿಯುವ ನೋವು. ಕತ್ತಿನಿಂದ ಹೊರಟು ತೋಳಿನ ಮೇಲೆ ಕರೆಂಟ್ ಹೊಡೆದ ಹಾಗೆ ಬೆರಳ ತುದಿಗೆ ಹೋಗುತ್ತದೆ, ಜೋಮು ಬರುತ್ತದೆ. ಇದು ನರದ ಬುಡ ಕೆರಳಿರುವ ಗುರುತು. ಯಾವ ಬೆರಳು ಅನ್ನುವುದರಲ್ಲೇ ಸುಳಿವು ಇರುತ್ತದೆ. ಹೆಬ್ಬೆರಳಾದರೆ ಸಾಮಾನ್ಯವಾಗಿ ಆರನೆಯ ನರ, ನಡುಬೆರಳಾದರೆ ಏಳನೆಯದು, ಕಿರುಬೆರಳಾದರೆ ಎಂಟನೆಯದು. ಮೂಳೆ ಏಳೇ ಇದ್ದರೂ ಕತ್ತಿನಿಂದ ಹೊರಡುವ ನರದ ಜೋಡಿಗಳು 8. ಇಂಥವರಲ್ಲಿ ಕೆಲವರು ಕೈಯನ್ನು ತಲೆಯ ಮೇಲೆ ಇಟ್ಟುಕೊಂಡೇ ಒಳಗೆ ಬರುತ್ತಾರೆ. ಯಾರೂ ಹೇಳಿಕೊಟ್ಟಿರುವುದಿಲ್ಲ. ಹಾಗಿಟ್ಟರೆ ನರದ ಮೇಲಿನ ಎಳೆತ ಕಮ್ಮಿಯಾಗಿ ಹಗುರ ಅನ್ನಿಸುತ್ತದೆ, ದೇಹವೇ ಅದನ್ನು ಕಂಡುಕೊಂಡಿರುತ್ತದೆ. ನಿಮಗೂ ಹಾಗಾದರೆ ನಾಚಿಕೆ ಇಲ್ಲದೆ ತಲೆ ಮೇಲೆ ಕೈ ಇಟ್ಟುಕೊಂಡು ಕೂರಿ. ಈ ನೋವೂ ಹೆಚ್ಚಿನವರಿಗೆ ಆಪರೇಷನ್ ಇಲ್ಲದೆಯೇ ಇಳಿಯುತ್ತದೆ, ಆದರೆ ಬರೀ ಕತ್ತು ನೋವಿಗಿಂತ ನಿಧಾನ, ವಾರಗಳ ಬದಲು ತಿಂಗಳುಗಳೇ ಹಿಡಿಯಬಹುದು. ಕೈಯ ಬಲ ಕಮ್ಮಿ ಆಗುತ್ತಿದ್ದರೆ ಮಾತ್ರ ಕಾಯಬೇಡಿ, ಡಾಕ್ಟರಿಗೆ ತೋರಿಸಿ.

"ಒಂದು ಎಂಆರ್‌ಐ ಮಾಡಿಸಿಬಿಡೋಣ, ಸಮಾಧಾನ ಆಗುತ್ತೆ." ಇದನ್ನು ದಿನಾ ಕೇಳುತ್ತೇನೆ. ಜಪಾನ್‌ನಲ್ಲಿ 1,211 ಮಂದಿ ಆರೋಗ್ಯವಂತರ ಕತ್ತಿನ ಎಂಆರ್‌ಐ ಮಾಡಿದರು. ಅದು 2015ರಲ್ಲಿ ಪ್ರಕಟವಾಯಿತು. ಇವರಿಗೆ ಕತ್ತಿನ ತೊಂದರೆ ಏನೂ ಇರಲಿಲ್ಲ. ಅವರಲ್ಲಿ 87.6 ಶೇಕಡಾ ಜನರ ಡಿಸ್ಕ್, ಅಂದರೆ ಮೂಳೆಗಳ ನಡುವಿನ ಮೆತ್ತೆ, ಹೊರಕ್ಕೆ ಉಬ್ಬಿತ್ತು. ಇಪ್ಪತ್ತರ ಹರೆಯದವರಲ್ಲೂ ಉಬ್ಬು ಮಾಮೂಲಿಯಾಗಿತ್ತು. ಈಗ ಯೋಚನೆ ಮಾಡಿ. ನಿಮಗೆ ನಾಲ್ಕು ದಿನದ ಕತ್ತು ನೋವು, ಚಿತ್ರ ತೆಗೆಸುತ್ತೀರಿ, ಅದರಲ್ಲಿ ಉಬ್ಬು ಕಾಣಿಸುತ್ತದೆ. ಆ ಉಬ್ಬು ಮೊದಲಿಂದಲೂ ಇತ್ತೋ, ಈ ನೋವಿಗೆ ಅದೇ ಕಾರಣವೋ ಆ ಚಿತ್ರ ಹೇಳುವುದಿಲ್ಲ. ಆದರೆ ಅವತ್ತಿನಿಂದ ನೀವು "ನನಗೆ ಡಿಸ್ಕ್ ಪ್ರಾಬ್ಲಮ್ ಇದೆ" ಅನ್ನಲು ಶುರು ಮಾಡುತ್ತೀರಿ. ಬಗ್ಗಲು ಹೆದರುತ್ತೀರಿ, ಮಗುವನ್ನು ಎತ್ತಲು ಹೆದರುತ್ತೀರಿ.

ಎಕ್ಸ್‌ರೇ ವರದಿಯಲ್ಲಿ ಎರಡು ಸಾಲು ಜನರನ್ನು ತುಂಬಾ ಹೆದರಿಸುತ್ತವೆ. ಒಂದು, ಮೂಳೆ ಸವೆತ. ಇನ್ನೊಂದು, ಕತ್ತಿನ ಸಹಜ ಬಾಗು ನೇರವಾಗಿದೆ ಅನ್ನುವುದು. ಸವೆತ ಅನ್ನುವುದು ಕೂದಲು ನರೆಯುವಷ್ಟೇ ಸಾಮಾನ್ಯ, ವಯಸ್ಸಿನ ಜೊತೆ ಬರುತ್ತದೆ. ಬಾಗು ನೇರವಾಗಿರುವುದು ನೋವಿಲ್ಲದವರಲ್ಲೂ ಕಾಣುತ್ತದೆ. ನಾನು ಆಗ ಹೇಳಿದ ಅಪಾಯದ ಲಕ್ಷಣ ಇದ್ದರೆ ಚಿತ್ರ ಬೇಕೇ ಬೇಕು. ಇಲ್ಲದಿದ್ದರೆ ಮೊದಲ ಕೆಲವು ವಾರ ಅದರಿಂದ ನಿಮ್ಮ ಚಿಕಿತ್ಸೆ ಏನೂ ಬದಲಾಗುವುದಿಲ್ಲ.

ಹಾಗಾದರೆ ಮಾಡುವುದೇನು? ಮೊದಲ ಎರಡು ಮೂರು ದಿನ ನೋವನ್ನು ಸ್ವಲ್ಪ ತಗ್ಗಿಸಿ, ಯಾಕೆಂದರೆ ನೋವು ತಗ್ಗಿದರೆ ಅಲ್ಲಾಡಿಸಬಹುದು, ಅಲ್ಲಾಡಿಸಿದರೆ ಬಿಗಿ ಬಿಡುತ್ತದೆ. ಶಾಖ ಕೊಡಿ, 15–20 ನಿಮಿಷ, ಬಿಸಿನೀರಿನ ಬ್ಯಾಗಿಗೆ ಬಟ್ಟೆ ಸುತ್ತಿ. ಅದನ್ನು ಇಟ್ಟುಕೊಂಡು ನಿದ್ದೆ ಹೋಗಬೇಡಿ, ಸುಟ್ಟ ಗುಳ್ಳೆ ತೋರಿಸಲು ಬಂದವರನ್ನು ನೋಡಿದ್ದೇನೆ. ಬಿಸಿನಾ ತಣ್ಣಗಿಂದಾ ಅಂತ ಕೇಳುತ್ತೀರಿ. ಯಾವುದು ಹಿತವೋ ಅದು. ಹೆಚ್ಚಿನವರಿಗೆ ಬಿಸಿ ಹಿತ, ಕೆಲವರಿಗೆ ಐಸ್. ಇದರ ಬಗ್ಗೆ ಜಗಳ ಆಡುವಂಥದ್ದು ಏನೂ ಇಲ್ಲ.

ಮಾತ್ರೆ ಬೇಕಿದ್ದರೆ ತೆಗೆದುಕೊಳ್ಳಿ, ಕೆಲವೇ ದಿನ. ಐಬುಪ್ರೊಫೆನ್, ಡೈಕ್ಲೋಫೆನಾಕ್ ಥರದ ಮಾತ್ರೆಗಳು ಕೆಲಸ ಮಾಡುತ್ತವೆ, ಆದರೆ ಹೊಟ್ಟೆ ಹುಣ್ಣು, ಕಿಡ್ನಿ ಅಥವಾ ಹೃದಯದ ತೊಂದರೆ, ಜಾಸ್ತಿ ಬಿಪಿ ಇರುವವರು, ರಕ್ತ ತೆಳು ಮಾಡುವ ಮಾತ್ರೆ ನುಂಗುವವರು, ಗರ್ಭಿಣಿಯರು ಡಾಕ್ಟರನ್ನು ಕೇಳದೆ ಮುಟ್ಟಬಾರದು. ಇವೆರಡನ್ನೂ ಒಟ್ಟಿಗೆ ನುಂಗುವುದಂತೂ ಬೇಡವೇ ಬೇಡ. ನೋವಿನ ಜೆಲ್ ಹಚ್ಚಿದರೆ ಹೊಟ್ಟೆಗೆ ಅಷ್ಟು ತೊಂದರೆ ಇಲ್ಲ. ಸ್ನಾಯು ಸಡಿಲ ಮಾಡುವ ಮಾತ್ರೆ ಕೊಟ್ಟಿದ್ದರೆ ಅದರಲ್ಲಿ ಮಂಪರು ಬರುತ್ತದೆ, ನುಂಗಿ ಗಾಡಿ ಓಡಿಸಬೇಡಿ. ಗಾಡಿಯ ಮಾತು ಬಂದದ್ದರಿಂದ ಇದನ್ನೂ ಹೇಳುತ್ತೇನೆ. ಮಾತ್ರೆ ನುಂಗದಿದ್ದರೂ, ಕತ್ತು ತಿರುಗಿಸಿ ಪಕ್ಕದಲ್ಲಿ ಬರುವ ವಾಹನ ನೋಡಲು ಆಗದವರೆಗೆ ಓಡಿಸಲೇಬಾರದು.

ಈಗ ಕತ್ತನ್ನು ಅಲ್ಲಾಡಿಸುವುದು. ಎಲ್ಲರೂ ಮಾಡಿ. ನೋವಿರುವವರು ಮಲಗಿಕೊಂಡು ಶುರು ಮಾಡಿದರೆ ಸುಲಭ, ತಲೆಯ ಭಾರ ದಿಂಬಿನ ಮೇಲೆ ಇರುತ್ತದೆ. ತಲೆ ಎತ್ತಬೇಡಿ, ದಿಂಬಿನ ಮೇಲೆ ಹೊರಳಿಸಿ. ಬಲಕ್ಕೆ ನಿಧಾನ, ನೋವು ಶುರುವಾಗುವ ಜಾಗದವರೆಗೆ ಹೋಗಿ, ಅಲ್ಲಿಂದ ಇನ್ನೊಂದು ಕೂದಲೆಳೆಯಷ್ಟು ಮುಂದೆ, ಒಂದು ಉಸಿರು ನಿಂತು ವಾಪಸ್. ಎಡಕ್ಕೆ ಹಾಗೇ. ಐದಾರು ಸಲ ಸಾಕು, ಆದರೆ ಎಚ್ಚರ ಇರುವಾಗ ಒಂದೆರಡು ಗಂಟೆಗೊಮ್ಮೆ ಮಾಡಿ. ಬೆಳಗ್ಗೆ ಒಮ್ಮೆ ಐವತ್ತು ಸಲ ಮಾಡಿ ದಿನವಿಡೀ ಮರೆತುಬಿಡುವುದಕ್ಕಿಂತ ಇದು ಎಷ್ಟೋ ವಾಸಿ. ಎರಡನೆಯದು, ಕೂತು ಕಿವಿಯನ್ನು ಭುಜದ ಕಡೆಗೆ ಬಗ್ಗಿಸುವುದು. ಭುಜವನ್ನು ಕಿವಿಯ ಹತ್ತಿರಕ್ಕೆ ತರುವುದಲ್ಲ, ಹಿಂದಿನ ಸಾಲಿನವರು ಅದನ್ನೇ ಮಾಡುತ್ತಿದ್ದೀರಿ! ಮೂರನೆಯದು, ಗದ್ದವನ್ನು ಒಳಕ್ಕೆ ಎಳೆದುಕೊಳ್ಳುವುದು. ತಲೆ ಬಗ್ಗಿಸದೆ, ಮುಖ ನೇರ ಇಟ್ಟುಕೊಂಡೇ ಹಿಂದಕ್ಕೆ ಜಾರಿಸಿ. ಜೋಡಿಗದ್ದ ಬಂದರೆ ಸರಿಯಾಗಿದೆ ಅಂತ ಲೆಕ್ಕ. ಆಮೇಲೆ ಎರಡೂ ಹೆಗಲ ಮೂಳೆಗಳನ್ನು ಬೆನ್ನಲ್ಲಿ ಒಂದಕ್ಕೊಂದು ಹತ್ತಿರ ತಂದು ಬಿಡಿ.

ಮಾಡುವಾಗ ಎಳೆದ ಹಾಗೆ ನೋಯುತ್ತದೆ, ನೋಯಲಿ. ಹತ್ತು ನಿಮಿಷದಲ್ಲಿ ಅದು ಮೊದಲಿದ್ದ ಮಟ್ಟಕ್ಕೆ ಇಳಿದರೆ ತೊಂದರೆ ಇಲ್ಲ. ಗಂಟೆಗಟ್ಟಲೆ ಜಾಸ್ತಿಯೇ ಉಳಿದರೆ ಮುಂದಿನ ಸಲ ಅರ್ಧಕ್ಕೆ ಇಳಿಸಿ. ನೋವು ಕೈಗೆ ಇಳಿಯತೊಡಗಿದರೆ ಆ ವ್ಯಾಯಾಮ ಬಿಟ್ಟುಬಿಡಿ. ನಾನು ಇಡೀ ದಿನ ಹೇಳುವುದು ಇದನ್ನೇ: ನೋಯುತ್ತಿದೆ ಅಂದ ಮಾತ್ರಕ್ಕೆ ಹಾಳಾಗುತ್ತಿದೆ ಅಂತ ಅಲ್ಲ. ಹಿಡಿದುಕೊಂಡ ಕತ್ತಿಗೆ ಅಲ್ಲಾಡಿಸುವುದೇ ಮದ್ದು, ಅಲ್ಲಾಡಿಸದೆ ಕಾಪಾಡುವುದಲ್ಲ.

ಅದಕ್ಕೇ ಕಾಲರ್ ಬಗ್ಗೆ ನನಗೆ ಸಿಟ್ಟು. ಕತ್ತು ನೋವು ಅಂದ ಕೂಡಲೇ ಬೆಲ್ಟ್ ತಂದು ಕಟ್ಟುತ್ತಾರೆ. ಹಾಕಿಕೊಂಡ ದಿನ ಹಿತ ಅನ್ನಿಸುತ್ತದೆ, ನಿಜ. ಒಂದು ವಾರ ಹಾಕಿದರೆ ಸ್ನಾಯುಗಳು ಕೆಲಸ ಮರೆಯುತ್ತವೆ, ಬಿಗಿ ಹಾಗೇ ಉಳಿಯುತ್ತದೆ, ತೆಗೆದರೆ ತಲೆ ಉದುರಿ ಬೀಳುತ್ತೇನೋ ಅನ್ನುವ ಭಯ ಬೇರೆ. 1995ರಲ್ಲೇ ಕೆನಡಾದ ಕ್ವಿಬೆಕ್‌ನಲ್ಲಿ ತಜ್ಞರ ಒಂದು ತಂಡ ವಾಹನ ಅಪಘಾತದಲ್ಲಿ ಕತ್ತು ಉಳುಕಿಸಿಕೊಂಡವರ ಬಗ್ಗೆ ಇದ್ದ ಅಧ್ಯಯನಗಳನ್ನೆಲ್ಲ ಜಾಲಾಡಿ, ಕಾಲರ್ ಮತ್ತು ಹೆಚ್ಚು ವಿಶ್ರಾಂತಿ ಚೇತರಿಕೆಯನ್ನು ತಡ ಮಾಡಬಹುದು, ಬೇಗ ಮಾಮೂಲಿ ಚಟುವಟಿಕೆಗೆ ಮರಳಿ ಅಂತ ಹೇಳಿತ್ತು. ಅಪಘಾತದವರಿಗೇ ಹಾಗಂದರೆ, ಮಲಗಿ ಎದ್ದಾಗ ಹಿಡಿದುಕೊಂಡವರಿಗೆ ಯಾಕೆ ಬೇಕು? ಮೂಳೆ ಮುರಿದಿದ್ದರೆ, ಆಪರೇಷನ್ ಆಗಿದ್ದರೆ ಮಾತು ಬೇರೆ, ಅಲ್ಲಿ ಡಾಕ್ಟರ್ ಹೇಳಿದಷ್ಟು ದಿನ ಹಾಕಲೇಬೇಕು.

ಲಟಕ್ಕನೆ ಕತ್ತು ಮುರಿಯುವ ಅಭ್ಯಾಸ ಎಷ್ಟು ಜನರಿಗಿದೆ? ಕೈ ಎತ್ತಬೇಡಿ, ಗೊತ್ತು. ಆ ಸದ್ದು ಮೂಳೆ ಜಾಗಕ್ಕೆ ಕೂತ ಸದ್ದಲ್ಲ. ಕೀಲಿನ ಒಳಗೆ ದ್ರವ ಇರುತ್ತದೆ, ಎರಡು ಮೇಲ್ಮೈಗಳು ತಟ್ಟನೆ ದೂರವಾದಾಗ ಆ ದ್ರವದಲ್ಲಿ ಅನಿಲದ ಪೊಳ್ಳು ಹುಟ್ಟುತ್ತದೆ. ಬೆರಳು ಲಟಿಕೆ ತೆಗೆಯುವಾಗ ಎಂಆರ್‌ಐನಲ್ಲಿ ಇದನ್ನು ಹಿಡಿದು ತೋರಿಸಿದ್ದಾರೆ, ಅದೂ 2015ರಲ್ಲೇ. ಸ್ವಲ್ಪ ಹೊತ್ತು ಹಗುರ ಅನ್ನಿಸುತ್ತದೆ, ಅಷ್ಟೇ. ನೀವಾಗಿ ಮೆಲ್ಲಗೆ ತಿರುಗಿಸುವಾಗ ಸದ್ದು ಬಂದರೆ ಬರಲಿ. ಆದರೆ ಇನ್ನೊಬ್ಬರು ನಿಮ್ಮ ತಲೆ ಹಿಡಿದು ಜೋರಾಗಿ ತಿರುವುವುದು ಬೇರೆ ವಿಷಯ. ಮಿದುಳಿಗೆ ರಕ್ತ ಒಯ್ಯುವ ಎರಡು ನಾಳಗಳು ಕತ್ತಿನ ಮೂಳೆಗಳ ತೂತಿನೊಳಗಿಂದಲೇ ಹಾದು ಹೋಗುತ್ತವೆ. ಅಪರೂಪಕ್ಕೆ ಅವುಗಳ ಒಳಪದರ ಹರಿದುಹೋಗುತ್ತದೆ, ಸ್ಟ್ರೋಕ್ ಆಗುತ್ತದೆ. 1993ರಲ್ಲಿ ಅಮೆರಿಕದ ವೈದ್ಯರೊಬ್ಬರು ಕೂದಲು ತೊಳೆಸಿಕೊಳ್ಳಲು ಬೇಸಿನ್ ಮೇಲೆ ಕತ್ತು ಹಿಂದಕ್ಕೆ ಚೆಲ್ಲಿ ಒರಗಿದ್ದವರಲ್ಲಿ ಹೀಗೆ ಸ್ಟ್ರೋಕ್‌ನ ಲಕ್ಷಣ ಕಂಡ ಐದು ಪ್ರಕರಣಗಳನ್ನು ವರದಿ ಮಾಡಿದ್ದರು. ಬೇಸಿನ್‌ಗೆ ಹೆದರಿ ಅಂತಲ್ಲ, ಒಂದು ಟವಲ್ ಮಡಚಿ ಕತ್ತಿನ ಕೆಳಗೆ ಇಡಲು ಹೇಳಿ. ಆದರೆ ಓದದೆ, ತಪಾಸಣೆ ಮಾಡದೆ ಕತ್ತು ತಿರುವುವವರ ಕೈಗೆ ತಲೆ ಕೊಡಬೇಡಿ. ಮೃದುವಾಗಿ ತಿಕ್ಕಿಸಿಕೊಳ್ಳುವುದಕ್ಕೆ ನನ್ನ ಅಡ್ಡಿ ಇಲ್ಲ.

ಮೊಬೈಲ್ ಬಗ್ಗೆ ಕೇಳಿಯೇ ಕೇಳುತ್ತೀರಿ. ತಲೆ 60 ಡಿಗ್ರಿ ಬಗ್ಗಿಸಿದರೆ ಕತ್ತಿನ ಮೇಲೆ 27 ಕಿಲೋ ಭಾರ ಬೀಳುತ್ತದೆ ಅನ್ನುವ ಚಿತ್ರ ಎಲ್ಲರ ಫೋನಿಗೂ ಬಂದಿರುತ್ತದೆ. ಅದು 2014ರಲ್ಲಿ ಮಾಡಿದ ಒಂದು ಲೆಕ್ಕಾಚಾರ, ಕಂಪ್ಯೂಟರ್ ಮಾದರಿಯಿಂದ ಬಂದ ಅಂಕಿ. ಜೀವಂತ ಮನುಷ್ಯರ ಕತ್ತು ಅಳೆದದ್ದಲ್ಲ, ಅದರಿಂದ ನೋವು ಬಂತು ಅಂತ ತೋರಿಸಿದ್ದೂ ಅಲ್ಲ. ಕತ್ತು ಬಗ್ಗಿಸುವುದಕ್ಕೇ ಇರುವುದು. ತೊಂದರೆ ಇರುವುದು ಒಂದೇ ಭಂಗಿಯಲ್ಲಿ ಎರಡು ಗಂಟೆ ಕಲ್ಲಾಗಿ ಕೂರುವುದರಲ್ಲಿ. ಸೈನಿಕನ ಹಾಗೆ ನೆಟ್ಟಗೆ ಎರಡು ಗಂಟೆ ಕೂತರೂ ನೋಯುತ್ತದೆ. ಹಾಗಾಗಿ ಅರ್ಧ ಗಂಟೆಗೊಮ್ಮೆ ಏಳಿ. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಬರಲಿ, ಮೊಣಕೈಗೆ ಆಸರೆ ಇರಲಿ. ಫೋನನ್ನು ಕಿವಿ ಮತ್ತು ಭುಜದ ನಡುವೆ ಸಿಕ್ಕಿಸಿಕೊಂಡು ಕೆಲಸ ಮಾಡುವುದೊಂದನ್ನು ನಾನು ಒಪ್ಪುವುದಿಲ್ಲ, ಸ್ಪೀಕರ್ ಹಾಕಿ.

ದಿಂಬು. ಇದರ ಬಗ್ಗೆ ಮಾರುವವರು ಹೇಳುವಷ್ಟು ಹೇಳಲು ನನ್ನ ಹತ್ತಿರ ಇಲ್ಲ. ಮಗ್ಗುಲಾಗಿ ಮಲಗಿದಾಗ ಕಿವಿ ಮತ್ತು ಭುಜದ ನಡುವಿನ ಜಾಗ ತುಂಬಬೇಕು, ಅಂಗಾತ ಮಲಗಿದಾಗ ಗದ್ದ ಎದೆಗೆ ಒತ್ತಬಾರದು. ಬೋರಲು ಮಲಗಿದರೆ ಇಡೀ ರಾತ್ರಿ ಕತ್ತು ಒಂದು ಕಡೆ ತಿರುಗಿಯೇ ಇರುತ್ತದೆ, ನೋವಿರುವ ದಿನಗಳಲ್ಲಾದರೂ ಬಿಡಿ. ದಿಂಬಿಗಿಂತ ನಿದ್ದೆ ಮುಖ್ಯ. ನಿದ್ದೆಗೆಟ್ಟ ವಾರ, ಕೆಲಸದ ಒತ್ತಡದ ವಾರ, ಮನೆಯಲ್ಲಿ ಯಾರಿಗೋ ಹುಷಾರಿಲ್ಲದ ವಾರ ಕತ್ತು ಹಿಡಿದುಕೊಳ್ಳುವುದು ಸುಮ್ನೆ ಅಲ್ಲ. ಮನಸ್ಸು ಬಿಗಿಯಾದಾಗ ಸ್ನಾಯುವೂ ಬಿಗಿಯುತ್ತದೆ, ಅದೇ ಕಿರಿಕಿರಿ ಎರಡರಷ್ಟು ನೋವಾಗಿ ಕೇಳಿಸುತ್ತದೆ. ಹಾಗಂತ ನೋವು ಸುಳ್ಳಲ್ಲ.

ವಾಸಿಯಾದಮೇಲೆ ಮತ್ತೆ ಬರುತ್ತದಾ? ಬರಬಹುದು. ಒಮ್ಮೆ ಬಂದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಮುಂದಿನ ಕೆಲವು ವರ್ಷಗಳಲ್ಲಿ ಮತ್ತೆ ಬರುತ್ತದೆ. ಅದನ್ನು ಕಮ್ಮಿ ಮಾಡಲು ನನಗೆ ಗೊತ್ತಿರುವ ದಾರಿ ಕತ್ತು ಮತ್ತು ಭುಜದ ಬಲ ಹೆಚ್ಚಿಸುವುದು. ಅಂಗೈಯನ್ನು ಹಣೆಗೆ ಒತ್ತಿ ಹಿಡಿದು ತಲೆಯಿಂದ ಎದುರು ತಳ್ಳಿ, ತಲೆ ಕದಲಬಾರದು. ಹಾಗೇ ಪಕ್ಕಕ್ಕೆ, ಹಿಂದಕ್ಕೆ. ಐದೈದು ಸೆಕೆಂಡು. ನೋವಿನ ಮೊದಲ ದಿನಗಳಲ್ಲಿ ಬೇಡ, ಕತ್ತು ಸಲೀಸಾಗಿ ತಿರುಗತೊಡಗಿದ ಮೇಲೆ. ಜಿಮ್‌ಗೆ ಹೋಗುವವರು ಹಗುರ ತೂಕದಿಂದ ಮತ್ತೆ ಶುರು ಮಾಡಿ. ಎರಡು ವಾರ ಕಳೆದರೂ ಸ್ವಲ್ಪವೂ ಇಳಿಯದಿದ್ದರೆ ಒಮ್ಮೆ ತೋರಿಸಿ, ಆರು ವಾರ ಎಳೆಯುವುದು ಬೇಡ.

ಮೊದಲ ಸಾಲಿನಲ್ಲಿ ಒಬ್ಬರು ಮಕ್ಕಳಿಗೂ ಇದೇನಾ ಅಂತ ಚೀಟಿ ಕಳಿಸಿದ್ದಾರೆ. ಮಕ್ಕಳಿಗೂ ರಾತ್ರಿ ಬೆಳಗಾಗುವುದರೊಳಗೆ ಹೀಗೆ ಹಿಡಿದುಕೊಳ್ಳುತ್ತದೆ, ಹೆಚ್ಚಿನ ಸಲ ಕೆಲವು ದಿನದಲ್ಲಿ ಹೋಗುತ್ತದೆ. ಆದರೆ ಗಂಟಲು ನೋವು, ಶೀತ, ಜ್ವರ ಆದಮೇಲೆ ಅಥವಾ ಗಂಟಲಿನ ಆಪರೇಷನ್ ಆದಮೇಲೆ ಮಗುವಿನ ಕತ್ತು ಒಂದು ಕಡೆಗೆ ಸೊಟ್ಟಗೆ ನಿಂತುಬಿಟ್ಟರೆ ಅದು ಬೇರೆ. ಅಂಥ ಸೋಂಕಿನಿಂದ ಮೇಲಿನ ಎರಡು ಮೂಳೆಗಳ ನಡುವಿನ ಕಟ್ಟು ಸಡಿಲವಾಗುವುದು ಅಪರೂಪಕ್ಕೆ ಉಂಟು. ಆಗ ತಿಕ್ಕುವುದು, ನೇರ ಮಾಡಲು ಎಳೆಯುವುದು ಯಾವುದೂ ಬೇಡ. ಮಗುವನ್ನು ಅವತ್ತೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ಹೋದ ವಾರ ಗಂಟಲು ನೋವಿತ್ತು ಅನ್ನುವುದನ್ನು ಮರೆಯದೆ ಹೇಳಿ.